ಬೀಗಿತ್ತಿಯ ಡಬ್ಬಿ ಕಾರು

ಮಗಳು ತಾನು ಮೆಚ್ಚಿದ ಹುಡುಗನ ವಿಷಯ ಬಾಯಿ ಬಿಟ್ಟ ದಿನ ಹೊಲಿಗೆಯಮ್ಮನ ಬಾಯಿ ತುಂಬ ಗುಂಡುಸೂಜಿಗಳಿದ್ದವು. ಯಾರದೋ ಕೋಟಿನ ತೋಳು ಜೋಡಿಸುತ್ತಿದ್ದಳು. ಹುಡುಗ ಔಷಧಿ ಅಂಗಡಿ ನಡೆಸುತ್ತಾನೆ, ತಂದೆ ಇಲ್ಲ, ತಾಯಿ ಒಬ್ಬಳೇ ಎಂದು ಮಗಳು ಒಂದೊಂದಾಗಿ ಒಪ್ಪಿಸುತ್ತಿದ್ದರೆ ಸೂಜಿ ಕಚ್ಚಿಕೊಂಡೇ "ಹೂಂ, ಹೂಂ" ಎನ್ನುತ್ತಿದ್ದಳು.

"ಅವರಮ್ಮ ಏನ್ಮಾಡ್ತಾರೆ?"

"ಕಾರಿನ ಕೆಳಗಿರ್ತಾರೆ."

ಸೂಜಿಗಳೆಲ್ಲ ಮಡಿಲಿಗೆ ಉದುರಿದವು. "ಅಯ್ಯೋ! ಯಾವಾಗಾಯ್ತೇ?"

"ಏನೂ ಆಗಿಲ್ಲಮ್ಮ. ಒಂದು ಹಳೇ ಸಣ್ಣ ಕಾರಿದೆ. ಅದನ್ನ ಬಿಚ್ತಾರೆ, ಜೋಡಿಸ್ತಾರೆ. ಕೆಲಸ ಬಿಟ್ಟು ಬಂದ್ರೆ ಅದರ ಕೆಳಗೇ ಮಲಗಿರೋದು."

"ಹೊಟ್ಟೆಪಾಡಿಗಾ?"

"ಇಲ್ಲ, ಶೋಕಿಗೆ."

ಹೊಲಿಗೆಯಮ್ಮನಿಗೆ ಮೈಯೆಲ್ಲ ಉರಿಯಿತು. ಗಂಡ ಸತ್ತಮೇಲೆ ಮಿಷನ್ ತುಳಿದು ತುಳಿದು ಮಗಳನ್ನು ಓದಿಸಿದವಳು ಆಕೆ. ಶೋಕಿ ಎಂಬ ಮಾತು ಕೇಳಿದರೇ ಆಗುತ್ತಿರಲಿಲ್ಲ. ಅದೂ ತನ್ನಂಥದೇ ಒಂಟಿ ಹೆಂಗಸಿನ ಶೋಕಿ. ಅಂಥ ಮನೆಗೆ ಮಗಳನ್ನು ಕೊಡುವ ಮೊದಲು ಆ ಮಹಾತಾಯಿಯ ಮುಖವನ್ನಾದರೂ ನೋಡಬೇಕೆಂದು ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೊರಟಳು.

ಮುಖ ಕಾಣಲಿಲ್ಲ. ಕಂಡದ್ದು ಎರಡು ಕಾಲು. ಮನೆಯ ಪಕ್ಕದ ತಗಡಿನ ಮಾಡಿನಲ್ಲಿ ಬೂದು ಬಣ್ಣದ ಒಂದು ಪುಟಾಣಿ ಕಾರು ಇಟ್ಟಿಗೆಗಳ ಮೇಲೆ ಕೂತಿತ್ತು. ಅದರ ಕೆಳಗಿನಿಂದ ಒಂದು ಕಾಲು ಮಡಿಚಿಕೊಂಡು, ಇನ್ನೊಂದು ಕಾಲು ಕೋಲಿನಂತೆ ನೆಟ್ಟಗೆ ಚಾಚಿಕೊಂಡು ಹೊರಗಿದ್ದವು.

"ಆ ಚಿಕ್ಕ ಪಾನಾ ಕೊಡು" ಎಂದಿತು ಕಾರಿನ ಕೆಳಗಿನ ದನಿ.

ಹೊಲಿಗೆಯಮ್ಮ ಸುತ್ತ ನೋಡಿದಳು. ಬೇರೆ ಯಾರೂ ಇರಲಿಲ್ಲ. ಕೈಗೆ ಸಿಕ್ಕಿದ ಒಂದು ಕಬ್ಬಿಣವನ್ನು ಬಗ್ಗಿ ಕೊಟ್ಟಳು.

"ಚಿಕ್ಕದು ಅಂದೆ. ಕಣ್ಣು ಮನೇಲಿಟ್ಟು ಬಂದ್ಯಾ?"

"ನಾನು ನಿಮ್ಮ ಕೆಲಸದಾಳಲ್ಲ. ಹೆಣ್ಣಿನ ತಾಯಿ."

ಕೊಟ್ಟ ಕಬ್ಬಿಣ ಉರುಳುತ್ತ ಹೊರಗೆ ಬಂತು. ಆಮೇಲೆ ಅದೇ ದನಿ, ಎಳ್ಳಷ್ಟೂ ತಗ್ಗದೆ, "ಹೆಣ್ಣಿನ ತಾಯಾದ್ರೆ ಚಿಕ್ಕದು ದೊಡ್ಡದು ಗೊತ್ತಾಗಲ್ವಾ? ಕೆಂಪು ದಾರ ಕಟ್ಟಿದೆ ನೋಡಿ, ಅದು" ಎಂದಿತು.

ಹೀಗೆ ಶುರುವಾಯಿತು ಬೀಗಿತ್ತಿಯರ ಸಂಬಂಧ. ತೆವಳಿಕೊಂಡು ಹೊರಬಂದ ಹೆಂಗಸು ಒಣಗಿದ ಕಟ್ಟಿಗೆಯಂತಿದ್ದಳು. ಹಣೆಯ ಮೇಲೆ ಮಸಿ, ಕೂದಲಲ್ಲಿ ತುಕ್ಕಿನ ಪುಡಿ. ಗಾಜಿನ ಬಾಟಲಿ ಮಾಡುವ ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ವಿಭಾಗ ಅವಳದು. ಅಲ್ಲಿ ಅವಳ ಅಡ್ಡಹೆಸರು ಗರಗಸ. ಎದುರಿಗೆ ಕರೆಯುವ ಎದೆಗಾರಿಕೆ ಯಾರಿಗೂ ಇರಲಿಲ್ಲ, ಆದರೆ ಅವಳಿಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಮಾತುಕತೆ ಮುಗಿಸಿ ಹೊಲಿಗೆಯಮ್ಮ ಎದ್ದಾಗ ಬೀಗಿತ್ತಿ ಕಾರಿನೊಳಗೆ ಕೈಹಾಕಿ ಹರಿದ ಸೀಟೊಂದನ್ನು ಎಳೆದು ಅವಳ ತೋಳಿಗೆ ಹೇರಿದಳು. "ಹೊಲೀತೀರಂತಲ್ಲ. ಇದಕ್ಕೊಂದು ಗತಿ ಕಾಣಿಸಿ."

ಮದುವೆ ಮಾತಾಡಲು ಹೋದವಳು ಬಸ್ಸಿನಲ್ಲಿ ಹರಿದ ಸೀಟು ತಬ್ಬಿಕೊಂಡು ಬಂದಳು. ಸ್ಪ್ರಿಂಗೊಂದು ದಾರಿಯುದ್ದಕ್ಕೂ ಪಕ್ಕೆಗೆ ಚುಚ್ಚುತ್ತಿತ್ತು. ಮಗಳೆದುರು ಸೀಟನ್ನು ಧೊಪ್ಪನೆ ಎಸೆದು, "ನಿನ್ನ ಅತ್ತೆ ಕೊಟ್ಟ ಉಡುಗೊರೆ" ಎಂದಳು. ಆದರೂ ರೋಷಕ್ಕೆ ಬಿದ್ದು ಹೊಲಿದಳು. ದಪ್ಪ ಕ್ಯಾನ್ವಾಸು ತಂದು, ಅಂಚಿಗೆಲ್ಲ ಜೋಡಿ ಹೊಲಿಗೆ ಹಾಕಿ, ಇದರಲ್ಲಿ ತಪ್ಪು ಹುಡುಕಲಿ ನೋಡೋಣ ಎಂದುಕೊಂಡು ಕೊಂಡೊಯ್ದಳು.

ಬೀಗಿತ್ತಿ ಸೀಟು ಕೂರಿಸಿ ಹತ್ತಿ ಕೂತು, "ಎಡಗಡೆ ಅಂಚು ಎತ್ತರ ಆಯ್ತು. ಬಿಚ್ಚಿ" ಎಂದಳು.

"ಎರಡೂ ಕಡೆ ಒಂದೇ ಅಳತೆ ಇಟ್ಟಿದ್ದೀನಿ! ಬೇಕಾದ್ರೆ ಟೇಪು ಹಿಡೀರಿ."

"ನನಗೆ ಒಂದೇ ಅಳತೆ ಬೇಡ, ಬೀಗ್ರೇ. ಈ ಕಾಲು ಮಡಿಯಲ್ಲ."

ಆಗ ತಿಳಿದದ್ದು ಆ ಕೋಲಿನಂಥ ಕಾಲಿನ ಕತೆ. ಕಾರ್ಖಾನೆಯಲ್ಲಿ ಯಂತ್ರವೊಂದರ ಉರುಳೆ ಕಳಚಿ ಬಿದ್ದು ಎಡ ಮೊಣಕಾಲು ನಜ್ಜುಗುಜ್ಜಾಗಿತ್ತು. ಡಾಕ್ಟರು ಕೂಡಿಸಿದರು, ಆದರೆ ಮತ್ತೆಂದೂ ಮಡಿಯದ ಹಾಗೆ ಕೂಡಿಸಿದರು. ಕಾರ್ಖಾನೆಯವರು ಅವಳನ್ನು ಉಗ್ರಾಣದಲ್ಲಿ ಒಂದು ಕುರ್ಚಿಯ ಮೇಲೆ ಕೂರಿಸಿ, ಇನ್ನು ಆರಾಮಾಗಿರಿ ಎಂದರು. ಆರಾಮಾಗಿರು ಎಂದವರ ಮೇಲೆಲ್ಲ ಅವಳಿಗೆ ಅಂದಿನಿಂದ ಕೆಂಡದಂಥ ಸಿಟ್ಟು. ಹೊಡೆದಾಡಿ ವರ್ಷದೊಳಗೆ ಮತ್ತೆ ಯಂತ್ರಗಳ ಬಳಿಗೇ ಹೋದಳು. ಆದರೆ ಬಸ್ಸಿನೊಡನೆ ಹೊಡೆದಾಡಲು ಆಗಲಿಲ್ಲ. ಮೆಟ್ಟಿಲು ಎತ್ತರ, ಹಿಂದೆ ನಿಂತವರ ಗೊಣಗಾಟ, "ಬೇಗ ಹತ್ತಮ್ಮ, ನಿನ್ನೊಬ್ಬಳದ್ದೇ ಬಸ್ಸಾ?" ಎಂಬ ಕಂಡಕ್ಟರ್. ಒಂದು ದಿನ ಆ ಕಂಡಕ್ಟರನಿಗೆ, "ನನ್ನೊಬ್ಬಳದ್ದೇ ತಗೊಂಡು ಬರ್ತೀನಿ, ನೋಡ್ತಿರು" ಎಂದು ಇಳಿದವಳು ಮತ್ತೆ ಹತ್ತಲಿಲ್ಲ.

ಅವಳಿಗೆ ಸಿಕ್ಕಿದ್ದು ಯಾರದೋ ಹಿತ್ತಿಲಲ್ಲಿ ಬಿದ್ದಿದ್ದ ಡಬ್ಬಿಯಂಥ ಕಾರು. ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ತಳ ತುಕ್ಕು ಹಿಡಿದು ತೂತಾಗಿ, ಒಳಗೆ ಕೂತರೆ ನೆಲ ಕಾಣುತ್ತಿತ್ತು. ಎಣ್ಣೆ ಡಬ್ಬ ಕತ್ತರಿಸಿ ತಳಕ್ಕೆ ತೇಪೆ ಬೆಸೆದಳು. ಎಂಜಿನನ್ನು ಅಡಿಗೆಮನೆಯ ಮೇಜಿನ ಮೇಲೆ ಬಿಚ್ಚಿ ಹರವಿ ಮಗನಿಗೆ ಚೆನ್ನಾಗಿ ಊಟ ಹಾಕದೆ ತಿಂಗಳುಗಟ್ಟಲೆ ಅದಕ್ಕೆ ಸೇವೆ ಮಾಡಿದಳು. ಇದನ್ನು ಹೇಳುವಾಗ ಅವಳ ಮಗ ಅಲ್ಲೇ ನಿಂತು, "ನಂಗೆ ಬರೀ ಬ್ರೆಡ್ಡು" ಎಂದು ನಗುತ್ತಿದ್ದ.

ಕಷ್ಟ ಇದ್ದದ್ದು ಕ್ಲಚ್ಚಿನದು. ಗೇರು ಬದಲಾಯಿಸುವಾಗಲೆಲ್ಲ ಎಡಗಾಲಲ್ಲಿ ತುಳಿಯುವ ಪೆಡಲ್ ಅದು. ಎಡಗಾಲೇ ಮಡಿಯದಿದ್ದರೆ ತುಳಿಯುವುದು ಹೇಗೆ? ಬೀಗಿತ್ತಿ ಅದನ್ನು ಕೈಗೆ ತಂದಳು. ಗೇರಿನ ಕೋಲಿಗೆ ಆತುಕೊಂಡಂತೆ ಇನ್ನೊಂದು ಉದ್ದನೆಯ ಹಿಡಿ. ಎರಡನ್ನೂ ಸೇರಿಸಿ ಅಂಗೈಯಲ್ಲಿ ಅಮುಕಿದರೆ ಕೆಳಗೆ ತಂತಿ ಎಳೆದು ಕ್ಲಚ್ಚು ಬಿಡುತ್ತಿತ್ತು. ಅದೇ ಕೈಯಲ್ಲಿ ಗೇರು ಹಾಕಿ ಮೆಲ್ಲಗೆ ಸಡಿಲಿಸಿದರೆ ಕಾರು ಹೊರಡುತ್ತಿತ್ತು. ಹೇಳಲು ಇಷ್ಟೇ. ಮೊದಲು ಹಾಕಿದ ಸ್ಕೂಟರಿನ ಹಿಡಿ ಚಮಚದಂತೆ ಬಗ್ಗಿತು. ಆಮೇಲಿನದು ಎಷ್ಟು ಬಿಗಿಯೆಂದರೆ ಎರಡು ಕೈ ಬೇಕಾಗುತ್ತಿತ್ತು, ಹಾಗಾದರೆ ಸ್ಟೀರಿಂಗ್ ಹಿಡಿಯುವವರು ಯಾರು? ಒಂದು ಸಲ ತಂತಿ ಕಡಿದು ಕಾರು ಎದುರು ಮನೆಯ ಗೇಟಿಗೆ ಮುತ್ತಿಟ್ಟಿತ್ತು. ಕೊನೆಗೆ ಗುಜರಿಯಲ್ಲಿ ಸಿಕ್ಕಿದ ಎರಡು ಸಣ್ಣ ರಾಟೆ ಕೂರಿಸಿ, ಹಿಡಿಯ ಉದ್ದವನ್ನು ಅರೆದು ಅರೆದು ತನ್ನ ಅಂಗೈಗೆ ಸರಿಹೊಂದಿಸಿಕೊಂಡಿದ್ದಳು. ಬೇರೆ ಯಾರು ಹಿಡಿದರೂ ಅದು ಒಗ್ಗುತ್ತಿರಲಿಲ್ಲ.

ಹೊಲಿಗೆಯಮ್ಮ ಗೊಣಗುತ್ತಲೇ ಸೀಟು ಬಿಚ್ಚಿದಳು. ಎಡ ಅಂಚನ್ನು ಇಳಿಜಾರಾಗಿ ಕತ್ತರಿಸಿ, ನೆಟ್ಟಗಿನ ಕಾಲು ಜಾರಿ ಹೋಗಿ ನಿಲ್ಲುವಂತೆ ಹೊಸದಾಗಿ ಹೊಲಿದಳು. ಬೀಗಿತ್ತಿ ಕೂತು ನೋಡಿ, "ಪರವಾಗಿಲ್ಲ" ಎಂದಳು. ಗರಗಸದ ಬಾಯಲ್ಲಿ ಅಷ್ಟು ಬಂದದ್ದೇ ಹೆಚ್ಚು.

ಮದುವೆಯಾಯಿತು. ಬೀಗಿತ್ತಿಯರು ಭೇಟಿಯಾದಾಗಲೆಲ್ಲ ಕಾಲು ಕೆರೆದು ಜಗಳವಾಡುತ್ತಿದ್ದರು. ಭೇಟಿ ತಪ್ಪಿದರೆ ಇಬ್ಬರಿಗೂ ಚಡಪಡಿಕೆ. ಕೆಲಸದಿಂದ ನಿವೃತ್ತಳಾದ ಮೇಲಂತೂ ಬೀಗಿತ್ತಿ ಡಬ್ಬಿಯನ್ನು ಹೊಲಿಗೆಯಮ್ಮನ ಬಾಗಿಲಿಗೇ ತಂದು ನಿಲ್ಲಿಸಿ ಹಾರ್ನು ಬಾರಿಸುತ್ತಿದ್ದಳು. ಇಬ್ಬರೂ ಗುಜರಿ ಅಂಗಡಿಗಳ ಬೀದಿಗೆ ಹೋಗಿ ಒಂದು ಕಿಟಕಿಯ ಹಿಡಿಕೆಗೋ ದೀಪದ ಗಾಜಿಗೋ ಅರ್ಧ ದಿನ ಅಲೆಯುತ್ತಿದ್ದರು. ಕಾರು ಮಾತ್ರ ಇನ್ನೂ ಬೂದು ಬಣ್ಣದಲ್ಲೇ ಇತ್ತು. "ಬಣ್ಣ ಕೊನೆಗೆ" ಎನ್ನುತ್ತಿದ್ದಳು ಬೀಗಿತ್ತಿ. "ಯಾವ ಬಣ್ಣ?" ಎಂದರೆ, "ಇನ್ನೂ ಮನಸ್ಸು ಮಾಡಿಲ್ಲ, ನಿಮಗ್ಯಾಕೆ ಆತುರ? ನೀವೇನು ಮದುಮಗಳಾ?"

ಹೀಗಿರುವಾಗ ಪಿತ್ತಕೋಶದ ಕಲ್ಲಿಗಾಗಿ ಬೀಗಿತ್ತಿ ಆಸ್ಪತ್ರೆ ಸೇರಿದಳು. ಹೊಟ್ಟೆ ಕೊಯ್ದ ಗಾಯ ಕೀವಾಗಿ, ಅಂದುಕೊಂಡದ್ದಕ್ಕಿಂತ ಹೆಚ್ಚು ದಿನ ಮಲಗಬೇಕಾಯಿತು. ಆ ದಿನಗಳಲ್ಲಿ ಹೊಲಿಗೆಯಮ್ಮನೂ ಹಾಸಿಗೆಯ ಪಕ್ಕದಲ್ಲೇ ಇದ್ದಳು. ಮನೆಯಲ್ಲಿ ಏನು ನಡೆಯುತ್ತಿದೆಯೆಂದು ಇಬ್ಬರಿಗೂ ತಿಳಿಯಲಿಲ್ಲ.

ಬಿಡುಗಡೆಯ ದಿನ ಮನೆಯ ಮುಂದೆ ನೆಂಟರು, ನೆರೆಯವರು, ಕಾರ್ಖಾನೆಯ ಹಳೆಯ ಗೆಳೆಯರು ಸೇರಿದ್ದರು. ತಗಡಿನ ಮಾಡಿನಲ್ಲಿ ಏನನ್ನೋ ಬಿಳಿ ಬಟ್ಟೆಯಲ್ಲಿ ಮುಚ್ಚಿದ್ದರು. ಅಳಿಯ ಅಮ್ಮನ ಭುಜ ಹಿಡಿದು ಮುಂದೆ ನಿಲ್ಲಿಸಿ ಬಟ್ಟೆ ಎಳೆದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಚೆರ್ರಿ ಹಣ್ಣಿನಂತೆ ಕೆಂಪಗೆ ಥಳಥಳಿಸುವ ಕಾರು. ಬಂಪರಿನಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ತಳದ ತೇಪೆ ಹೋಗಿ ಹೊಸ ತಗಡು ಬಂದಿತ್ತು. ಒಳಗೆ ಮಿರಿಮಿರಿ ಮಿಂಚುವ ಕಪ್ಪು ಸೀಟುಗಳು. ಹೊಲಿಗೆಯಮ್ಮ ಬಗ್ಗಿ ಒಳಗೆಲ್ಲ ಹುಡುಕಿದಳು: ತನ್ನ ಕ್ಯಾನ್ವಾಸು ಎಲ್ಲಿ ಹೋಯಿತು?

ಬೀಗಿತ್ತಿ ಹತ್ತಿ ಕೂತಳು. ಹೊಸ ಸೀಟಿನ ಎತ್ತರದ ಅಂಚು ಅವಳ ತೊಡೆಗೆ ಒತ್ತಿ ಕಾಲು ಓರೆಯಾಗಿ ನಿಂತಿತು. ಎಡಗೈ ಗೇರಿನ ಕಡೆ ಹೋಯಿತು. ಅಲ್ಲಿ ಹಿಡಿ ಇರಲಿಲ್ಲ. ಬೆರಳುಗಳು ಗಾಳಿಯಲ್ಲಿ ಎರಡು ಸಲ ಅಮುಕಿದವು.

"ಕಂಪನಿಯಿಂದ ಬಂದಾಗ ಹೇಗಿತ್ತೋ ಹಾಗೇ ಮಾಡ್ಸಿದ್ದೀನಮ್ಮ!" ಅಳಿಯನ ದನಿ ಸಂತೋಷಕ್ಕೆ ನಡುಗುತ್ತಿತ್ತು. "ಹಳೇ ಕಾರುಗಳ ಸ್ಪೆಷಲಿಸ್ಟ್ ಹತ್ರ ಕೊಟ್ಟಿದ್ದೆ. ಆ ತಂತಿ ಗಿಂತಿ ಎಲ್ಲಾ ತೆಗೆಸಿಬಿಟ್ಟೆ. ನೀನಿನ್ನು ಕಷ್ಟಪಟ್ಟು ಓಡಿಸೋದು ಬೇಡ. ಎಲ್ಲಿಗೆ ಬೇಕು ಹೇಳು, ನಾನು ಕರ್ಕೊಂಡು ಹೋಗ್ತೀನಿ. ಆರಾಮಾಗಿರು."

ಬೀಗಿತ್ತಿ ಹಾರ್ನಿನ ಮೇಲೆ ಅಂಗೈ ಇಟ್ಟಳು. ಇಟ್ಟವಳು ತೆಗೆಯಲಿಲ್ಲ.

ಮೊದಲು ಎಲ್ಲರೂ ನಕ್ಕರು. ಆಮೇಲೆ ನಗು ನಿಂತಿತು, ಹಾರ್ನು ನಿಲ್ಲಲಿಲ್ಲ. ಮಕ್ಕಳು ಕಿವಿ ಮುಚ್ಚಿಕೊಂಡರು. ಎದುರು ಮನೆಯ ಮಹಡಿಯಲ್ಲಿ ಕಿಟಕಿಗಳು ತೆರೆದವು. "ಅಮ್ಮಾ, ಸಾಕು, ಅಮ್ಮಾ!" ಎಂದು ಅಳಿಯ ಗಾಜು ಬಡಿದ. ಅವಳು ಎದುರಿನ ಗೋಡೆ ನೋಡುತ್ತ ಕೂತೇ ಇದ್ದಳು. ಕೊನೆಗೆ ಅವನು ಬಾನೆಟ್ಟು ಎತ್ತಿ ಹಾರ್ನಿನ ವೈರು ಕಿತ್ತ. ಆ ನಿಶ್ಶಬ್ದದಲ್ಲಿ ಬೀಗಿತ್ತಿಯ ಮಾತು ಬೀದಿಗೆಲ್ಲ ಕೇಳಿಸಿತು.

"ಅದೊಂದು ಉಳಿದಿತ್ತು. ಅದನ್ನೂ ತೆಗೆದ್ಯಾ?"

ನೆಂಟರು ಚಪ್ಪಲಿ ಹುಡುಕತೊಡಗಿದರು.

ಮರುದಿನವೇ ಬೀಗಿತ್ತಿಯರಿಬ್ಬರೂ ಆ ಸ್ಪೆಷಲಿಸ್ಟನ ಗ್ಯಾರೇಜಿಗೆ ಹೋದರು. ಹೊಟ್ಟೆಯ ಹೊಲಿಗೆ ಹಸಿಯಿದ್ದಾಗಲೇ ಬೀಗಿತ್ತಿ ಹಲ್ಲು ಕಚ್ಚಿ, ಅಷ್ಟು ವರ್ಷ ಬಿಟ್ಟಿದ್ದ ಬಸ್ಸನ್ನು ಮತ್ತೆ ಹತ್ತಿದಳು. ಗ್ಯಾರೇಜಿನವನು ಒಳ್ಳೆಯ ಮನುಷ್ಯ, ಕುರ್ಚಿ ಹಾಕಿಸಿದ, ಕಾಫಿ ತರಿಸಿದ. ಆ ಹಿಡಿ ಎಲ್ಲಿದೆ ಎಂದರೆ ಅರ್ಥವಾಗಲಿಲ್ಲ.

"ಅದಾ? ಯಾರೋ ಮಾಡಿದ್ದ ಕಿತಾಪತಿ ಅಮ್ಮಾ ಅದು. ಗುಜರಿಯವನು ತಗೊಂಡು ಹೋದ. ಅದಿದ್ರೆ ಗಾಡಿಗೆ ಬೆಲೆ ಇರಲ್ಲ."

"ಗಾಡಿ ಮಾರ್ತೀನಿ ಅಂತ ಯಾರು ಹೇಳಿದ್ರು ನಿಂಗೆ?"

"ಮಾರಲ್ಲ, ಸರಿ. ಆದ್ರೂ ಒರಿಜಿನಲ್ ಅಂದ್ರೆ ಒರಿಜಿನಲ್ಲೇ ಅಲ್ವಾ?"

"ಒರಿಜಿನಲ್ ಅಂದ್ರೆ ಕೋಳಿ ಮೊಟ್ಟೆ ಇಡ್ತಿತ್ತು ಅದರಲ್ಲಿ! ಕೋಳಿ ತಂದು ಬಿಡ್ತೀಯಾ?"

ಅವನು ಕಾಫಿ ಲೋಟವನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡ. ಹಿತ್ತಿಲ ಗುಜರಿ ರಾಶಿಯನ್ನು ಇಬ್ಬರೂ ಕೆದಕಿದರು. ಹಿಡಿ ಸಿಗಲಿಲ್ಲ, ರಾಟೆಗಳೂ ಇರಲಿಲ್ಲ. ಹೊಲಿಗೆಯಮ್ಮನಿಗೆ ತನ್ನ ಕ್ಯಾನ್ವಾಸು ಸೀಟು ಸಿಕ್ಕಿತು, ಮೂಲೆಯಲ್ಲಿ ಅದರ ಮೇಲೆ ನಾಯಿಯೊಂದು ಮಲಗಿತ್ತು. ನಾಯಿಯನ್ನು ಎಬ್ಬಿಸಿ, ಕೂದಲು ಕೊಡವಿ, ಎರಡನೇ ಸಲ ಆ ಸೀಟನ್ನು ತಬ್ಬಿಕೊಂಡು ಬಸ್ಸು ಹತ್ತಿದಳು. ಈ ಸಲ ಉರಿಯುತ್ತಿದ್ದ ಸಿಟ್ಟು ಬೀಗಿತ್ತಿಯ ಮೇಲಲ್ಲ.

ಮತ್ತೆ ಮೊದಲಿನಿಂದ ಶುರು. ಹೊಸ ಹಿಡಿ, ಹೊಸ ತಂತಿ, ರಾಟೆಗಾಗಿ ಮತ್ತೆ ಅದೇ ಬೀದಿ. ಮೊದಲಿನಂತೆ ಕಾರಿನ ಕೆಳಗೆ ಮಲಗಲು ಬೀಗಿತ್ತಿಗೆ ಆಗುತ್ತಿರಲಿಲ್ಲ, ಗಾಯ ಎಳೆಯುತ್ತಿತ್ತು. ಹಾಗಾಗಿ ಹೊಲಿಗೆಯಮ್ಮ ಗೋಣಿ ಹಾಸಿ ತೆವಳಿ ಒಳಗೆ ಹೋದಳು, ಬೀಗಿತ್ತಿ ಸ್ಟೂಲಿನ ಮೇಲೆ ಕೂತು ಬೈದಳು.

"ಎಡಕ್ಕೆ ತಿರುಗಿಸಿ! ಎಡಕ್ಕೆ! ಗಡಿಯಾರದ ಉಲ್ಟಾ! ಗಡಿಯಾರ ನೋಡಿಲ್ವಾ ಜನ್ಮದಲ್ಲಿ?"

"ಮಲಗಿಕೊಂಡ್ರೆ ಎಡ ಯಾವ್ದು ಬಲ ಯಾವ್ದು ಗೊತ್ತಾಗಲ್ಲ ಕಣ್ರೀ! ನೀವೇ ಬನ್ನಿ ಬೇಕಾದ್ರೆ."

"ಬರೋಕಾಗಿದ್ರೆ ನಿಮ್ಮನ್ಯಾಕೆ ಕರೀತಿದ್ದೆ?"

ಹೊಸ ಕೆಂಪು ಬಣ್ಣದ ಒಳಭಾಗಕ್ಕೆ ಬೀಗಿತ್ತಿ ತೂತು ಕೊರೆದ ದಿನ ಅಳಿಯ ನೋಡಲಾರದೆ ಒಳಗೆ ಹೋದ. ಅವನಿಗೂ ನೋವಾಗಿತ್ತು. ಪಾಪ ಎನ್ನುವಷ್ಟು ನೋವಾಗಿತ್ತು. ಆದರೆ ಹಿಡಿ ಕೂತು, ತಂತಿ ಬಿಗಿದು, ಕ್ಯಾನ್ವಾಸು ಸೀಟು ಮರಳಿ ಬಂದು ಎಲ್ಲ ತಯಾರಾದಾಗ ಅವನು ಕೀ ಕೊಡಲಿಲ್ಲ.

"ಡಾಕ್ಟರು ಓಡಿಸಬೇಡಿ ಅಂದಿದ್ದಾರೆ."

"ಎರಡು ತಿಂಗಳು ಅಂದ್ರು. ಎರಡು ತಿಂಗಳಾಯ್ತು" ಎಂದಳು ಬೀಗಿತ್ತಿ.

"ವಯಸ್ಸಾಯ್ತಮ್ಮ ನಿಂಗೆ. ಏನಾದ್ರೂ ಆದ್ರೆ? ಜನ ನನ್ನನ್ನೇ ಕೇಳೋದು."

ಬೀಗಿತ್ತಿಯ ಮುಖದಲ್ಲಿ ಆಗ ಕಂಡದ್ದನ್ನು ಹೊಲಿಗೆಯಮ್ಮ ಅದುವರೆಗೆ ಕಂಡಿರಲಿಲ್ಲ.  ಬೀಗಿತ್ತಿ ಗೋಡೆ ಹಿಡಿದು ಕುರ್ಚಿಯ ಮೇಲೆ ಕೂತಳು. ಕಾರ್ಖಾನೆಯನ್ನು ಗೆದ್ದವಳು, ಬಸ್ಸನ್ನು ಬಿಟ್ಟವಳು, ಹೆತ್ತ ಮಗನ ಪ್ರೀತಿಯ ಮುಂದೆ ಏನೂ ತೋಚದೆ ಕೂತಿದ್ದಳು. ಇವತ್ತು ಕೀ ಸಿಗದಿದ್ದರೆ ಇನ್ನು ಈ ಹೆಂಗಸು ಆ ಕುರ್ಚಿಯಿಂದ ಏಳುವುದಿಲ್ಲ ಎಂದು ಹೊಲಿಗೆಯಮ್ಮನಿಗೆ ಖಂಡಿತವಾಗಿ ಅನ್ನಿಸಿತು.

ಮದುವೆಯಾದಾಗಿನಿಂದ ಅಳಿಯನ ಎದುರು ಆಕೆ ದನಿ ಏರಿಸಿದವಳಲ್ಲ. ಊಟ ಮಾಡಿ, ಕೂತ್ಕೊಳ್ಳಿ, ಹೋಗಿ ಬನ್ನಿ, ಇಷ್ಟೇ ಮಾತು. ಅವತ್ತು ಮಾತ್ರ ಅವಳ ಬಾಯಿಗೆ ಕಟ್ಟಿದ್ದ ಕಟ್ಟೆ ಒಡೆಯಿತು.

"ಅಳಿಯಂದಿರೇ, ಜನ ಕೇಳಿದ್ರೆ ನನ್ನ ಹತ್ರ ಕಳಿಸಿ! ಏನಾದ್ರೂ ಆದ್ರೆ ಅಂತೀರಲ್ಲ, ಈಗ ಆಗಿರೋದು ಕಾಣಲ್ವಾ? ಅವರ ಕೈ ಕತ್ತರಿಸಿ ಕೆಂಪು ಬಣ್ಣ ಬಳಿದ್ರಿ, ನಾವು ಚಪ್ಪಾಳೆ ತಟ್ಟಬೇಕಾಗಿತ್ತಾ? ಇಷ್ಟು ವರ್ಷ ಅಮ್ಮನ ಪಕ್ಕದಲ್ಲಿ ಕೂತು ಓಡಾಡಿದ್ರಲ್ಲ, ಆ ಹಿಡಿ ಮೇಲೆ ಕೈ ಇಟ್ಟಾಗ ಅವರ ಮುಖ ಒಂದು ದಿನಾನಾದ್ರೂ ನೋಡಿದ್ರಾ?"

"ಅಮ್ಮಾ, ಅವರಿಗೆ ಬೈಬೇಡ" ಎಂದು ಮಗಳು ತೋಳು ಹಿಡಿದಳು.

"ನೀನು ಸುಮ್ನಿರೇ! ನಿಂದೂ ಇದೆ, ಆಮೇಲೆ. ಬಟ್ಟೆ ಮುಚ್ಚಿದವಳು ನೀನೇ ಅಲ್ವಾ?"

ಅಳಿಯನ ಮುಖ ಸುಣ್ಣವಾಯಿತು.  ಆಮೇಲೆ ಜೇಬಿನಿಂದ ಕೀ ತೆಗೆದ. ಅಮ್ಮನ ಕೈಗೆ ಕೊಡಲಿಲ್ಲ, ಅತ್ತೆಯ ಕೈಗೆ ಕೊಟ್ಟ.

"ಒಂದು ಮಾತು. ನೀವು ಜೊತೇಲಿ ಕೂರಬೇಕು. ಒಬ್ಬಳನ್ನೇ ಬಿಡೋ ಹಾಗಿಲ್ಲ."

"ಕೂರ್ತೀನಿ" ಎಂದು ಹೊಲಿಗೆಯಮ್ಮ ಮಾತು ಕೊಟ್ಟಳು.

ಆ ದಿನದ ನಂತರ ಬೀಗಿತ್ತಿ ಬೇಕಾದಷ್ಟು ಮಾತಾಡಿದಳು, ಬೈದಳು, ಅಪ್ಪಣೆ ಕೊಡಿಸಿದಳು. ಡಬ್ಬಿಯಲ್ಲಿ ಬೇಕಾದಲ್ಲಿಗೆ ಹೋದಳು. ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಮಧ್ಯಾಹ್ನ ಮಲಗಿದವಳು ಏಳಲಿಲ್ಲ. ಅವಳು ಯಾರನ್ನೂ ಏನನ್ನೂ ಕೇಳುವ ಜಾತಿಯವಳಲ್ಲ. ಅವಳು ಹೊಲಿಗೆಯಮ್ಮನನ್ನು ಬಾಯಿ ಬಿಟ್ಟು, ದಯವಿಟ್ಟು ಎಂಬ ಹಾಗೆ ಏನನ್ನಾದರೂ ಕೇಳಿದ್ದರೆ ಅದು ಕೀ ಸಿಕ್ಕಿದ ಆ ಬೆಳಿಗ್ಗೆಯೇ.

ಆ ಬೆಳಿಗ್ಗೆ ಡಬ್ಬಿ ಗೇಟು ದಾಟಿತು. ಅಳಿಯ ಮಗಳು ಇಬ್ಬರೂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಬೀಗಿತ್ತಿ ಅಂಗೈಯಲ್ಲಿ ಹಿಡಿ ಅಮುಕಿ ಗೇರು ಹಾಕಿದಳು. ಸ್ವಲ್ಪ ಕುಲುಕಿತು, ಆಮೇಲೆ ಕಾರು ಸರಾಗವಾಗಿ ಹರಿಯಿತು. ಬೇಕರಿಯ ತಿರುವು ದಾಟಿ, ಮನೆಯಿಂದ ಕಾಣದಷ್ಟು ದೂರ ಬಂದ ಕೂಡಲೇ ರಸ್ತೆಯ ಬದಿಗೆ ನಿಲ್ಲಿಸಿದಳು. ಎಂಜಿನು ಗುರುಗುಡುತ್ತಲೇ ಇತ್ತು.

"ಏನಾಯ್ತು? ತಂತಿ ಹೋಯ್ತಾ?"

"ತಂತಿ ಚೆನ್ನಾಗಿದೆ. ಇಳೀರಿ."

"ಇಳೀಬೇಕಾ? ಅಳಿಯಂದಿರಿಗೆ ಮಾತು ಕೊಟ್ಟಿದ್ದೀನಿ!"

"ಕೊಟ್ಟಿದ್ದು ನೀವು. ನಾನಲ್ಲ."

"ಎಂಥಾ ಹೆಂಗಸು ರೀ ನೀವು! ನಿಮಗೋಸ್ಕರ ಮಗಳ ಗಂಡನ ಹತ್ರ ಜಗಳ ಆಡಿ, ಮೈಯೆಲ್ಲಾ ಗ್ರೀಸು ಬಳ್ಕೊಂಡು, ಈಗ ನಡುರಸ್ತೇಲಿ ಇಳೀರಿ ಅಂತೀರಾ? ನಾಚಿಕೆ ಆಗಲ್ವಾ?"

ಬೀಗಿತ್ತಿ ಹಿಡಿಯಿಂದ ಕೈ ತೆಗೆಯಲಿಲ್ಲ. ಮುಂದಿನ ರಸ್ತೆಯನ್ನೇ ನೋಡುತ್ತಿದ್ದಳು.  ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ ಹೇಳಿದಳು:

"ಪಕ್ಕದಲ್ಲಿ ಕಾವಲಿಗೆ ಜನ ಕೂತ್ರೆ ಅದು ಓಡಿಸಿದ ಹಾಗಲ್ಲ, ಬೀಗ್ರೇ. ನಿಮಗೆ ಕೈ ಮುಗೀತೀನಿ, ಇಳೀರಿ. ಬಾಗಿಲು ಜೋರಾಗಿ ಬಡೀರಿ, ಹೊಸ ಬಣ್ಣ ಅಂತ ನೋಡಬೇಡಿ."